ಶಿಕ್ಕಾ ಒತ್ತಿದ ಕಾಗದ

೨ ನವೆಂಬರ ೧೯೩೮, ಬುಧವಾರ

ಹನ್ನೊಂದು ವರ್ಷದಿಂದ ಕಲ್ಲೋಳಿಯ ಕನ್ನಡ ಶಾಲೆಯ ಹೆಡ್ ಮಾಸ್ತರನಾಗಿದ್ದೇನೆ. ಈ ಊರಲ್ಲಿ ವಿದ್ಯಾವಂತರ ಸಹವಾಸ ದೊರೆಯುವುದು ವರ್ಷಕ್ಕೊಮ್ಮೆ ಮಾತ್ರ. ಇಂದು ಅಂಥದೊಂದು ಸುಯೋಗ ಒದಗಿಬಂತು. ಮಧ್ಯಾಹ್ನದ ಬಿಡುವಿನಲ್ಲಿ ಕರಿ ಕೋಟು, ಬಿಳಿ ರುಮಾಲಿನ ಗೃಹಸ್ಥರೊಬ್ಬರು ಶಾಲೆಯ ಮೆಟ್ಟಿಲ ಕೆಳಗೇ ಚಪ್ಪಲಿ ಕಳಚಿಟ್ಟು, "ಶರಣಾರ್ಥಿರಿ" ಎಂದು ಕೈಮುಗಿದು ಒಳಗೆ ಬಂದರು. ಹೆಸರು ಪರಪ್ಪ. ಪುಣೆಯ ಕಡೆ ಲಷ್ಕರಿ ಸಿಪಾಯಿಗಳ ದವಾಖಾನೆಯೊಂದರಲ್ಲಿ ಹನ್ನೆರಡು ವರ್ಷ ಕಣ್ಣಿನ ಕೆಲಸ ಕಲಿತವರಂತೆ. ಈಗ ಬಡವರ ಸೇವೆಗೆಂದು ಹಳ್ಳಿ ಹಳ್ಳಿ ತಿರುಗುತ್ತಿದ್ದಾರೆ. ಕಣ್ಣಿಗೆ ಬಂದ ಪೊರೆ ತೆಗೆದು ಮತ್ತೆ ದೃಷ್ಟಿ ಕೊಡುವುದು ಅವರ ವಿದ್ಯೆ.

ಹಲಗೆಯ ಮೇಲೆ ನಾನು ಬರೆದಿದ್ದ ಪಾಠದ ಮುಂದೆ ಅವರು ಬಹಳ ಹೊತ್ತು ನಿಂತರು.

"ಯಾರ ಅಕ್ಷರ್ರೀ ಇವು? ಛಾಪಿಸಿದಂಗ ಅದಾವಲ್ಲ!"

"ನನ್ನವ ಅದಾವ್ರಿ" ಎಂದೆ.

"ಮುರಿಗೆಪ್ಪ ಮಾಸ್ತರ ಹೆಸರ ಗೋಕಾಕದಾಗ ಕೇಳಿದ್ನಿ. ಈಗ ಕಣ್ಣಲೆ ಕಂಡಂಗಾತು ನೋಡ್ರಿ."

ಗೋಕಾಕದಲ್ಲಿ ನನ್ನ ಹೆಸರು ಹೇಳುವವರು ಯಾರೆಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಸಂಜೆ ಮನೆಯಲ್ಲಿ ಈ ಸಂಗತಿ ತಿಳಿಸಿದೆ. ನನ್ನ ಅಕ್ಕ ಶಿವವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಈಗ ಹಗಲು ರಾತ್ರಿಯ ಭೇದ ಮಾತ್ರ ತಿಳಿಯುತ್ತದೆ. ನಾಲ್ಕು ವರ್ಷಕ್ಕೇ ತಾಯಿ ಕಳೆದುಕೊಂಡ ನನ್ನನ್ನು, ಗಂಡ ಸತ್ತು ತವರಿಗೆ ಬಂದ ಈ ಅಕ್ಕನೇ ಎಮ್ಮೆ ಕಟ್ಟಿ, ಹಾಲು ಮಾರಿ ಓದಿಸಿದ್ದು. ಅವಳ ಮುಖ ಅರಳಿತು. ಆದರೆ ನನ್ನ ಹೆಂಡತಿ ಗೌರವ್ವ ಒಲೆಯ ಮುಂದಿನಿಂದಲೇ ಅಂದಳು:

"ಬ್ಯಾಸಗಿ ಸೂಟ್ಯಾಗ ಮಿರಜಿಗೆ ಕರಕೊಂಡ ಹೋಗ್ತೇನಿ ಅಂತ ಅಕ್ಕಾರಿಗೆ ಎರಡ ವರ್ಷದಿಂದ ಹೇಳಾಕತ್ತೀರಿ. ಅಲ್ಲಿ ದೊಡ್ಡ ಡಾಕ್ಟರ ಅದಾರ. ಗುರ್ತ ಪರಿಚಯ ಇಲ್ಲದಾವನ ಕೈಯಾಗ ಕಣ್ಣ ಹೆಂಗ ಕೊಡೂದ್ರಿ?"

ಅಕ್ಷರ ಬಾರದವಳ ಅಂಜಿಕೆ ಸಹಜವಾದದ್ದು. ಬೇಸಗೆಯ ರಜೆಯಲ್ಲಿ ನನಗೆ ಒಮ್ಮೆ ಪರೀಕ್ಷೆಯ ಕೆಲಸ ಬಂತು, ಇನ್ನೊಮ್ಮೆ ಬಿಸಿಲು ಹೆಚ್ಚಾಯಿತು. ವಿದ್ಯೆಯೇ ಬಾಗಿಲಿಗೆ ನಡೆದು ಬಂದಿರುವಾಗ ರೈಲು ಹತ್ತುವುದೇಕೆ?

೪ ನವೆಂಬರ, ಶುಕ್ರವಾರ

ನನ್ನ ಜೀವಮಾನದಲ್ಲಿ ಇಂಥ ದಿನ ಮತ್ತೊಂದಿಲ್ಲ!

ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ವೈದ್ಯರು ಅಕ್ಕನನ್ನು ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಗೌರವ್ವ ಹಿಂದಿನಿಂದ ತಲೆ ಗಟ್ಟಿಯಾಗಿ ಹಿಡಿದಳು. ವೈದ್ಯರು ಕೈಪೆಟ್ಟಿಗೆಯಿಂದ ಸಣ್ಣ ಸೂಜಿ ತೆಗೆದು, ಕೋಟಿನ ಅಂಚಿಗೆ ಎರಡು ಸಲ ಒರೆಸಿ, ಬಲಗಣ್ಣಿನ ಬದಿಗೆ ಇಟ್ಟರು. ಎಡಗಣ್ಣಿನ ಪೊರೆ ಇನ್ನೂ ಬಲಿತಿಲ್ಲವಂತೆ. ನಾನು ಮುಖ ತಿರುಗಿಸಿದೆ. ಅಕ್ಕ ಒಂದೇ ಸಲ 'ಶಿವಾ' ಎಂದಳು, ಅಷ್ಟೆ.

"ಎಷ್ಟ ಬೆರಳ ಕಾಣತಾವ ಬೇ ಯವ್ವಾ?"

"ಮೂರು."

"ಈಗ?"

"ಒಂದು."

ಅಂಗಳದಲ್ಲಿ ನೆರೆದವರೆಲ್ಲ 'ಹೋ' ಎಂದರು. ಅಕ್ಕ ಕತ್ತು ಹೊರಳಿಸಿ ಹುಡುಕಿದಳು. ನನ್ನ ಮೇಲೆ ದೃಷ್ಟಿ ನಿಂತಿತು.

"ತಮ್ಮಾ, ನಿನ್ನ ಮೀಸಿ ಯಾವಾಗ ಬೆಳ್ಳಗಾತೋ?"

ನಾನು ನೆರೆದವರ ಮುಂದೆಯೇ ಅತ್ತುಬಿಟ್ಟೆ. ವೈದ್ಯರು ಕಣ್ಣಿನ ಮೇಲೆ ಎಲೆ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದರು. ಎಂಟು ದಿನ ಬಿಚ್ಚಕೂಡದು. ಹುಳಿ, ಖಾರ, ಬದನೆಕಾಯಿ ಮುಟ್ಟಕೂಡದು. ನೋವು ಬಂದರೂ ಗಾಳಿ ತಾಗಿಸಕೂಡದು.

ಮಧ್ಯಾಹ್ನ ಅವರು ಶಾಲೆಗೆ ಬಂದು, ನನ್ನ ಚೆಂದದ ಅಕ್ಷರದಲ್ಲಿ ನಾಲ್ಕು ಸಾಲು ಬರೆದುಕೊಡಬೇಕೆಂದು ಕೇಳಿದರು. ಬರೆದೆ. ಇಲ್ಲಿಯೂ ಪ್ರತಿ ಮಾಡಿ ಇಡುತ್ತೇನೆ:

'ಈ ಪತ್ರವನ್ನು ನೋಡುವ ಸಮಸ್ತ ಮಹಾಜನರಿಗೆ ತಿಳಿಸುವುದೇನೆಂದರೆ: ಈ ಪತ್ರ ತಂದಿರುವ ವೈದ್ಯರು ನನ್ನ ಅಕ್ಕನ ಅಂಧಕಾರಮಯವಾದ ನೇತ್ರಕ್ಕೆ ನನ್ನ ಸಮಕ್ಷಮದಲ್ಲಿಯೇ ದೃಷ್ಟಿಯನ್ನು ದಯಪಾಲಿಸಿರುತ್ತಾರೆ. ಇನ್ನೂ ಅನೇಕರು ಇವರಿಂದ ಗುಣ ಹೊಂದಿದ್ದನ್ನು ಬಲ್ಲೆನು. ಇವರ ಕೈಗುಣದ ವಿಷಯದಲ್ಲಿ ಯಾರೂ ಸಂಶಯಪಡುವ ಕಾರಣವಿಲ್ಲ.'

'ವೈದ್ಯ ಪರಪ್ಪನವರು' ಎಂದೇ ಬರೆಯಹೊರಟಿದ್ದೆ. ಅವರು ಬೇಡವೆಂದರು. "ಹೆಸರ ಮೆರಸೂದ ನನಗ ಸೇರೂದಿಲ್ರಿ. 'ಪತ್ರ ತಂದಾವ್ರು' ಅಂದ್ರ ಸಾಕು." ಎಂಥ ವಿನಯ! ಕೊನೆಗೆ, "ಸಾಲಿ ಶಿಕ್ಕಾ ಒತ್ತಿ ಕೊಡ್ರಿ, ಹಳ್ಳಿ ಮಂದಿ ಶಿಕ್ಕಾ ನೋಡತಾರ" ಎಂದರು. ಶಾಲೆಯ ಶಿಕ್ಕೆ ಎಂದರೆ ಸರಕಾರದ ಮುದ್ರೆ. ಒಂದು ಕ್ಷಣ ಯೋಚಿಸಿದೆ. ಒಳ್ಳೆಯ ಕೆಲಸಕ್ಕಲ್ಲವೇ ಎಂದು ಒತ್ತಿದೆ. ನೇರವಾಗಿ, ಚೆನ್ನಾಗಿ ಮೂಡಿತು.

೫ ನವೆಂಬರ, ಶನಿವಾರ

ಊರಲ್ಲಿ ಇಂದು, ಕಣ್ಣಿಗಿಷ್ಟು ಎಂದು ಔಷಧದ ಖರ್ಚು ತೆಗೆದುಕೊಂಡು, ಐದು ಜನರಿಗೆ ಮಾಡಿದರು. ಎಲ್ಲರೂ ಮೊದಲು ನನ್ನ ಮನೆಗೆ ಬಂದು ಕೇಳಿಕೊಂಡೇ ಹೋದರು. ಕುರುಬರ ಸತ್ತೆಪ್ಪನ ಹೆಂಡತಿ ಫಕೀರವ್ವನೂ ಬಂದಿದ್ದಳು. ಅವಳಿಗೆ ಎಡಗಣ್ಣಿನಲ್ಲಿ ಮಾತ್ರ ಪೊರೆ. ಬಲಗಣ್ಣು ಒಂದಿಷ್ಟು ಮಂಜು, ಆದರೂ ಉಣ್ಣೆ ನೂಲುತ್ತಾಳೆ, ಕುರಿ ಎಣಿಸುತ್ತಾಳೆ.

"ಎರಡೂ ಮಾಡ್ತೇನಿ ಅನ್ನಾಕತ್ತಾರ್ರಿ ವೈದ್ಯರು. ಬಲಗಣ್ಣ ಕಾಣತೈತಿ, ಅದನ್ನೂ ಮಾಡಿಸ್ಲೇನ್ರಿ ಮಾಸ್ತರ?"

"ಬಲ್ಲವರು ಹೇಳಿದ ಮ್ಯಾಲೆ ಮುಗೀತು. ಅಂಜಬ್ಯಾಡ, ಮಾಡಿಸ್ಕೊ" ಎಂದೆ.

ವೈದ್ಯರು ಸಂಜೆ ಮೂಡಲಗಿಯ ಕಡೆ ಹೊರಟರು. ಊರ ಹೊರಗಿನವರೆಗೆ ನಾನೇ ಕಳಿಸಿಬಂದೆ.

೭ ನವೆಂಬರ, ಸೋಮವಾರ

ಅಕ್ಕ ಸರಿಯಾಗಿ ಉಣ್ಣಲಿಲ್ಲ. ಕಣ್ಣಿನೊಳಗೆ ಕೆಂಡ ಇಟ್ಟಂತೆ ಆಗುತ್ತಿದೆಯಂತೆ. ಮಾಗುವ ಗಾಯ ನೋಯಲೇಬೇಕು. ಗೌರವ್ವ ಬಿಚ್ಚಿ ನೋಡೋಣ ಎಂದಳು. ಎಂಟು ದಿನ ಎಂದರೆ ಎಂಟು ದಿನ ಎಂದು ಗದರಿದೆ.

೮ ನವೆಂಬರ, ಮಂಗಳವಾರ

ನೋವು ಹೆಚ್ಚಾಗಿದೆ. ನಾನು ಶಾಲೆಗೆ ಹೋದೆ.

೯ ನವೆಂಬರ, ಬುಧವಾರ

ನಾನು ಶಾಲೆಯಲ್ಲಿದ್ದಾಗ ಗೌರವ್ವ ಕಟ್ಟು ಬಿಚ್ಚಿಬಿಟ್ಟಿದ್ದಾಳೆ. ಬಟ್ಟೆ ಅಂಟಿಕೊಂಡಿತ್ತಂತೆ. ಬಿಸಿನೀರು ಹಾಕಿ ಬಿಡಿಸಿದಾಗ ಕೀವು ಸುರಿಯಿತಂತೆ. ನಾನು ಬಂದು ನೋಡಿದಾಗ ಕಣ್ಣು ಎಲ್ಲಿದೆ ಎಂದೇ ತಿಳಿಯಲಿಲ್ಲ, ಅಷ್ಟು ಬಾತಿತ್ತು.

"ಮೂರ ದಿನ ತಡಕೊಳ್ಳಾಕ ಆಗಲಿಲ್ಲೇನ? ಗಾಳಿ ತಾಕಿಸಿ ಕೆಡಿಸಿದಿ!" ಎಂದು ಹೆಂಡತಿಯ ಮೇಲೆ ಕೂಗಾಡಿದೆ. ಅವಳು ಅಕ್ಕನ ಕೆನ್ನೆ ಒರೆಸುತ್ತಿದ್ದಳು. ಅಕ್ಕನೇ ನಡುವೆ ಬಂದಳು. "ಆಕಿಗೆ ಬೈಬ್ಯಾಡೋ. ನಾನs ಬಿಚ್ಚಂದ್ನಿ."

ಬಿಚ್ಚದೇ ಇದ್ದಿದ್ದರೆ ಖಂಡಿತ ಗುಣವಾಗುತ್ತಿತ್ತು. ವೈದ್ಯರು ಸ್ಪಷ್ಟವಾಗಿ ಹೇಳಿದ್ದರು.

೧೧ ನವೆಂಬರ, ಶುಕ್ರವಾರ

ಅಕ್ಕನನ್ನು ಚಕ್ಕಡಿಯಲ್ಲಿ ಗೋಕಾಕದ ಸರಕಾರಿ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಇನ್ನೂ ಹರೆಯದವರು. ಬಗ್ಗಿ ನೋಡಿ ಕೂಡಲೇ ಕೇಳಿದರು:

"ಸೂಜಿ ಹಾಕಿದಾಂವ ಯಾರು?"

"ಒಬ್ಬ ವೈದ್ಯರ್ರಿ. ಹಾಕಿದ ಕೂಡಲೇ ಕಂಡಿತ್ತರಿ. ಬೆರಳ ಎಣಿಸಿದಳು."

"ಕಾಣತೈತಿ. ಪೊರಿ ತಗದಿಲ್ಲ ಇಂವಾ, ಸೂಜಿಲೆ ಒಳಗs ಕೆಳಗ ನೂಕ್ಯಾನ. ಅಡ್ಡ ಇದ್ದದ್ದು ಸರದ ಮ್ಯಾಲೆ ಗಳಿಗಿ ಬೆಳಕ ಬರತೈತಿ. ಆಮ್ಯಾಲೆ ಕೀವಾಗಿ ಕಣ್ಣs ಹೋಗತೈತಿ. ಎಂಟ ದಿನ ಬಿಚ್ಚಬ್ಯಾಡ ಅಂದಿರಬೇಕಲ್ಲ?"

"ಹೌದ್ರಿ."

"ಅದ ಔಷಧ ಅಲ್ಲ. ಅಂವಗ ದೂರ ಹೋಗಾಕ ಬೇಕಾದ ಎಂಟ ದಿನ."

ಬಲಗಣ್ಣು ಹೋಯಿತು ಎಂದರು. ಎಡಗಣ್ಣು ಮುಟ್ಟದೇ ಬಿಟ್ಟದ್ದು ಪುಣ್ಯ. ಕೀವು ಆರಿದ ಮೇಲೆ ಮಿರಜಿಗೆ ಹೋದರೆ ಅದಕ್ಕೆ ದಾರಿಯಿದೆ. ಔಷಧ ಹಾಕುತ್ತ ಹೇಳಿದರು: "ನಿನ್ನೆ ಮೂಡಲಗಿಯಿಂದ ಇಬ್ಬರ ಬಂದಿದ್ರು. ಇದs ಕಥಿ. ಯಾರೋ ಸಾಲಿ ಮಾಸ್ತರ ಶಿಕ್ಕಾ ಒತ್ತಿ ಕಾಗದ ಬರಕೊಟ್ಟಾನಂತ, ಅದನ್ನ ನೋಡಿ ಮಾಡಿಸ್ಕೊಂಡಾರ. ಓದಿದ ಮಂದೀನs ಹಿಂಗಾದ್ರ ಏನ ಮಾಡೂದು? ನಿಮ್ಮದೇನ ಕೆಲಸಾರಿ?"

"ಒಕ್ಕಲತನ" ಎಂದೆ.

ಅಕ್ಕ ಪಕ್ಕದಲ್ಲೇ ಕುಳಿತಿದ್ದಳು. ದಾರಿಯುದ್ದಕ್ಕೂ ಅವಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

೧೨ ನವೆಂಬರ, ಶನಿವಾರ

ಸತ್ತೆಪ್ಪ ಬಂದಿದ್ದ. ಫಕೀರವ್ವ ನೋವಿನಿಂದ ಒದ್ದಾಡುತ್ತಿದ್ದಾಳಂತೆ. ಎರಡೂ ಕಣ್ಣು.

"ಯಾಕ ಹಿಂಗಾತ್ರಿ ಮಾಸ್ತರ? ನಿಮ್ಮ ಅಕ್ಕಾರದು ಹೆಂಗ ಐತ್ರಿ?"

"ಐತಿ" ಎಂದೆ. ಗೋಕಾಕದ ದವಾಖಾನೆಗೆ ಈಗಲೇ ಕರೆದೊಯ್ಯಲು ಹೇಳಿದೆ. ಆತ ಹೋಗದೆ ನನ್ನ ಮುಖವನ್ನೇ ನೋಡುತ್ತ ನಿಂತ. ಏನಾದರೂ ಹೇಳಬೇಕಿತ್ತು. "ಪಥ್ಯ ಬಿಟ್ಟಿರಬೇಕು" ಎಂದುಬಿಟ್ಟೆ.

೧೩ ನವೆಂಬರ, ರವಿವಾರ

ಉಳಿದ ನಾಲ್ವರ ಮನೆಗೂ ಹೋಗಿಬಂದೆ. ಎಲ್ಲರನ್ನೂ ಗೋಕಾಕಕ್ಕೆ ಕಳಿಸಿದೆ. ಅವರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಒಂದು ಮನೆಯಲ್ಲಿ ಕುಡಿಯಲು ಹಾಲು ಕೊಟ್ಟರು.

ಕಾಗದ ಇನ್ನೂ ಅವನ ಹತ್ತಿರವೇ ಇದೆ.

೧೫ ನವೆಂಬರ, ಮಂಗಳವಾರ. ಮೂಡಲಗಿ

ರಜೆ ಹಾಕಿ ಮೂಡಲಗಿಗೆ ನಡೆದು ಬಂದೆ. ಪೇಟೆಯಲ್ಲಿ ಸೋಮಪ್ಪ ಎಂಬ ಕಿರಾಣಿ ವ್ಯಾಪಾರಿಯ ಅಂಗಡಿಕಟ್ಟೆಯ ಮೇಲೆ ಅವನು ಮೂರು ದಿನ ಕುಳಿತಿದ್ದನಂತೆ. ಒಂಬತ್ತು ಜನ. ಸೋಮಪ್ಪನ ತಾಯಿಯೂ ಒಬ್ಬಳು. ಹೋದ ಮಂಗಳವಾರವೇ ಹೊರಟುಹೋದ. ಹುಕ್ಕೇರಿಯ ದಾರಿ ಕೇಳಿದನಂತೆ.

ಸೋಮಪ್ಪ ತಕ್ಕಡಿಯ ಪಕ್ಕದಲ್ಲಿ ತಲೆಗೆ ಕೈಹಚ್ಚಿ ಕೂತಿದ್ದ. "ಮಂದಿಗೆ ಓದಾಕ ಬರೂದಿಲ್ರಿ. ನನಗ ಬರತೈತಿ. ಆ ಕಾಗದ ಈ ಕಟ್ಟಿ ಮ್ಯಾಲೆ ನಿಂತ ನಾನs ಗಟ್ಟಿ ದನಿಲೆ ಓದಿ ಹೇಳೇನಿ. ಎಷ್ಟ ಚಂದ ಬರದಾನ್ರಿ ಅದನ್ನ! ಆ ಮಾಸ್ತರ ಸಿಕ್ಕರ ಒಂದs ಮಾತ ಕೇಳಬೇಕಂತ ಮಾಡೇನ್ರಿ. ಕಾಗದ ಬರ್ಯಾಕ ನಿಮ್ಮ ಅಕ್ಕಾಗ ಎಂಟ ದಿನಾ ಆಗೂತನಕಾ ಯಾಕ ತಡೀಲಿಲ್ಲ ಅಂತ."

"ಆ ಮಾಸ್ತರ ನಾನs" ಎಂದೆ.

ಸೋಮಪ್ಪ ತಲೆಯಿಂದ ಕೈ ತೆಗೆದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಎದ್ದು ಒಳಗೆ ಹೋಗಿ, ತಾಯಿಯ ಕೈ ಹಿಡಿದುಕೊಂಡು ಹೊರಗೆ ಬಂದು, ನನ್ನ ಎದುರಿಗೆ ಕೂರಿಸಿದ. "ಕೇಳೂದು ಇಕಿ ಕೇಳಲಿ" ಎಂದ. ಮುದುಕಿ ಯಾರು ಬಂದಿದ್ದಾರೆಂದು ತಿಳಿಯದೆ, "ಯಾರಪಾ? ಉಂಡಿಯೇನು?" ಎಂದಳು.

ಆಕೆಗೆ ಏನು ಹೇಳಿದೆನೋ ಬರೆಯಲಾರೆ. ಹೇಳಿದೆ.

೧೭ ನವೆಂಬರ, ಗುರುವಾರ. ಹುಕ್ಕೇರಿ

ನಿನ್ನೆ ಗೋಕಾಕದಿಂದ ಮೋಟಾರಿನಲ್ಲಿ ಬಂದೆ. ಇಲ್ಲಿ ಧರ್ಮಶಾಲೆಯಲ್ಲಿ ಇಳಿದಿದ್ದನಂತೆ. ಆದರೆ ಹೆಸರು ಹನಮಂತ ಎಂದು ಹೇಳಿದ್ದಾನೆ. ಹತ್ತಿರ ಹತ್ತಿರ ಇಪ್ಪತ್ತು ಜನರ ಕಣ್ಣು. ಒಂದು ಓಣಿಯಲ್ಲಿ ಮೂರು ಮನೆಯ ಕಟ್ಟೆಯ ಮೇಲೆ ಮೂವರು ಕಣ್ಣು ಕಟ್ಟಿಕೊಂಡು ಬಿಸಿಲಿಗೆ ಕೂತಿದ್ದರು. ಇನ್ನೂ ಎಂಟು ದಿನವಾಗಿರಲಿಲ್ಲ. ನಾಳೆ ಬೆಳಕು ಕಾಣುತ್ತೇವೆಂದು ಮಾತಾಡಿಕೊಳ್ಳುತ್ತಿದ್ದರು. ಬಿಚ್ಚಿರಿ, ದವಾಖಾನೆಗೆ ಹೋಗಿರಿ ಎಂದು ಬೇಡಿಕೊಂಡೆ. ಹುಚ್ಚ ಎಂದು ಅಟ್ಟಿದರು. ನಾನು ಗೌರವ್ವನಿಗೆ ಹೇಳಿದ ಮಾತನ್ನೇ ಅವರು ನನಗೆ ಹೇಳಿದರು: ಎಂಟು ದಿನ ಎಂದರೆ ಎಂಟು ದಿನ.

ಪೋಲೀಸ ಠಾಣೆಗೆ ಹೋಗಿ ಫೌಜದಾರರಿಗೆ ಎಲ್ಲ ಬರೆದುಕೊಟ್ಟೆ. ಅವರು ಓದಿ ನಕ್ಕರು, ಆದರೆ ಚೇಷ್ಟೆಯ ನಗೆ ಅಲ್ಲ. "ಅಂವನ ಹೆಸರ ಸುಳ್ಳು, ಊರ ಸುಳ್ಳು, ಲಷ್ಕರ ಸುಳ್ಳು. ಇದರಾಗ ಖರೆ ಅನ್ನೂದು ಒಂದs ಐತಿ ಮಾಸ್ತರ. ನಿಮ್ಮ ಶಿಕ್ಕಾ." ನಿಡಸೋಸಿಯ ಕಡೆ ಹೋದ ಸುದ್ದಿ ಇದೆ, ನಾಳೆ ಪೋಲೀಸರನ್ನು ಕಳಿಸುತ್ತೇನೆ ಎಂದರು.

ನಾಳೆಯವರೆಗೆ ತಡೆಯಲಾಗದೆ ಹೊರಡುತ್ತಿದ್ದೇನೆ.

೧೮ ನವೆಂಬರ, ಶುಕ್ರವಾರ. ನಿಡಸೋಸಿ

ಸಿಕ್ಕ.

ಊರ ಹೊರಗಿನ ಬೇವಿನ ಗಿಡದ ಕೆಳಗೆ ಹಾಸಿಗೆ ಹಾಸಿಕೊಂಡು ಕೂತಿದ್ದ. ಅದೇ ಕರಿ ಕೋಟು. ಮುಂದೆ ಹದಿನೆಂಟು ಇಪ್ಪತ್ತು ಜನ ಸಾಲಾಗಿ ಕೂತಿದ್ದರು. ಇಬ್ಬರದು ಆಗಲೇ ಮಾಡಿ ಮುಗಿಸಿ ಕಟ್ಟು ಕಟ್ಟಿದ್ದ. ನನ್ನನ್ನು ಕಂಡರೆ ಓಡುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ನಿಂತು ಎರಡೂ ಕೈ ಚಾಚಿದ.

"ಬರ್ರಿ ಬರ್ರಿ ಮಾಸ್ತರ! ಏ, ಎಲ್ಲಾರೂ ಏಳ್ರಿ. ಕಾಗದ ಓದಿ ಹೇಳಿದ್ನಲ್ಲ, ಅದನ್ನ ಬರದ ಮುರಿಗೆಪ್ಪ ಮಾಸ್ತರ ಇವರs. ಅಷ್ಟ ದೂರದಿಂದ ನಮ್ಮನ್ನ ನೋಡಾಕ ಬಂದಾರ!"

ಜನ ಎದ್ದು ನಿಂತರು. ಒಬ್ಬ ಮುದುಕ ತಡವರಿಸಿಕೊಂಡು ಬಂದು ನನ್ನ ಕಾಲು ಮುಟ್ಟಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆ ಒಂದು ಗಳಿಗೆ ಅವನು ನನ್ನನ್ನು ಓರೆಗಣ್ಣಿನಿಂದ ನೋಡಿದ. ಅವನ ಕಣ್ಣಲ್ಲಿ ಅಂಜಿಕೆ ಇರಲಿಲ್ಲ. ಮಾಸ್ತರನಾದವನು ಮಂದಿಯ ಮುಂದೆ ತನ್ನ ಮಾನ ತಾನೇ ಕಳೆದುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಆ ಕಾಗದ ಸುಳ್ಳ ಐತಿ" ಎಂದೆ. ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. "ನಾ ಬರದದ್ದು ಸುಳ್ಳ ಐತಿ! ನನ್ನ ಅಕ್ಕನ ಕಣ್ಣ ಹೋಗೇತಿ. ನಮ್ಮೂರಾಗ ಎಲ್ಲಾರ ಕಣ್ಣ ಹೋಗ್ಯಾವ. ಮಾಡಿಸ್ಕೋಬ್ಯಾಡ್ರಿ."

ಯಾರೂ ನಂಬಲಿಲ್ಲ. ಸಾಲಿನಲ್ಲಿ ಮೊದಲು ಕೂತಿದ್ದ ಕೆಂಚವ್ವ ಎಂಬ ಮುದುಕಿ ನನ್ನ ದನಿ ಬಂದ ಕಡೆ ಮುಖ ಮಾಡಿ ಸಿಟ್ಟಾದಳು. "ನಿಮ್ಮ ಅಕ್ಕಂದು ಮಾಡಿಸ್ಕೊಂಡಿ, ಕಾಗದಾ ಬರದಿ. ನಮ್ಮ ಪಾಳಿ ಬಂದಾಗ ಬ್ಯಾಡ ಅಂತೀಯಾ? ಬಡವರ ಕಣ್ಣ ಕಂಡರ ನಿನಗೇನ ಸಂಕಟ?"

"ಮಾಸ್ತರಿಗೆ ಬಿಸಿಲ ಹತ್ತೇತಿ, ನೀರ ಕೊಡ್ರಿ" ಎಂದು ಅವನು ನಗುತ್ತಿದ್ದ. ಸೂಜಿ ಕೈಯಲ್ಲೇ ಇತ್ತು.

ಆಗ ನನಗೆ ಸೋಮಪ್ಪನ ಮಾತು ನೆನಪಾಯಿತು. ಕೆಂಚವ್ವನ ಮುಂದೆ ಕೂತೆ. "ಯವ್ವಾ, ನನ್ನ ಮಾತ ನಂಬಬ್ಯಾಡ. ಮೊದಲೂ ನಂಬಬಾರದಿತ್ತು. ಒಂದs ಕೇಳು. ಈ ಇಬ್ಬರದು ಇವತ್ತ ಮಾಡ್ಯಾನ. ಇವರ ಕಟ್ಟ ಬಿಚ್ಚೂತನಕಾ ಎಂಟ ದಿನ ಈ ಊರಾಗs ಇರ್ತೀಯೇನ ಅಂತ ಅಂವನ್ನs ಕೇಳು. ಎಂಟನೇ ದಿನಾ ಇವರಿಗೆ ಕಂಡರ ನೀನೂ ಮಾಡಿಸ್ಕೊ. ಅಲ್ಲೀತನಕಾ ಅಂವಂದು ಊಟ, ಇರೂದು ಎಲ್ಲಾ ನನ್ನದು."

ಮುದುಕಿ ಅವನ ಕಡೆ ತಿರುಗಿದಳು. "ಹೌದಲ್ಲ. ಎಂಟ ದಿನ ಇರಾಕ ಏನಪಾ ನಿನಗ? ಇರ್ತೀಯಿಲ್ಲೋ?"

"ಇರ್ದ ಏನ ಬೇ? ಇರ್ತೇನಿ."

"ಮತ್ತ ಇರು. ಅವಸರ ಏನೈತಿ."

ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಅಂದರು. ಅವನು ನಗುತ್ತಲೇ ಸೂಜಿಯನ್ನು ಪೆಟ್ಟಿಗೆಯಲ್ಲಿ ಇಟ್ಟ. ಹಳ್ಳದಲ್ಲಿ ಕೈ ತೊಳೆದು ಬರುತ್ತೇನೆಂದು ಪೆಟ್ಟಿಗೆ ಹಿಡಿದುಕೊಂಡು ಇಳಿದ. ಕೈ ತೊಳೆಯಲು ಪೆಟ್ಟಿಗೆ ಏಕೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅವನು ಮರಳಿ ಬರಲಿಲ್ಲ. ಪೋಲೀಸರು ಬಂದಾಗ ಮಧ್ಯಾಹ್ನ ದಾಟಿತ್ತು.

ಕಾಗದವೂ ಅವನ ಜೊತೆಗೇ ಹೋಯಿತು.

೨೦ ನವೆಂಬರ, ರವಿವಾರ

ನಿಡಸೋಸಿಯ ಆ ಇಬ್ಬರನ್ನು ಅಂದೇ ಚಕ್ಕಡಿ ಕಟ್ಟಿಸಿ ಗೋಕಾಕಕ್ಕೆ ಕರೆತಂದಿದ್ದೆ. ಒಬ್ಬನ ಕಣ್ಣು ಉಳಿದೀತು ಎಂದಿದ್ದಾರೆ. ಡಾಕ್ಟರು ನನ್ನನ್ನು ಗುರುತಿಸಿ, "ಒಕ್ಕಲತನ ಅಲ್ಲೇನ ನಿಮ್ಮದು?" ಎಂದರು.

"ಅಲ್ರಿ. ಕಾಗದ ಬರದಾಂವ ನಾನs" ಎಂದೆ. ಅವರು ದೀಪ ಹಿಡಿಯಲು ಹೇಳಿದರು. ಹಿಡಿದೆ.

೨೮ ನವೆಂಬರ, ಸೋಮವಾರ

ಮೇಲಿನ ಸಾಹೇಬರಿಗೆ ಶಿಕ್ಕೆಯ ವಿಷಯ ನಾನೇ ಬರೆದು ಕಳಿಸಿದೆ. ನನಗೆ ಗೊತ್ತಿದ್ದ ಊರುಗಳ ಮಾಸ್ತರರಿಗೆಲ್ಲ ಕಾರ್ಡು ಹಾಕುತ್ತಿದ್ದೇನೆ: 'ನನ್ನ ಹೆಸರಿನ ಕಾಗದ ಹಿಡಿದು ಒಬ್ಬ ಬಂದರೆ ನಂಬಬೇಡಿರಿ. ಅದು ನಾನೇ ಬರೆದದ್ದು. ತಪ್ಪು ಬರೆದಿದ್ದೇನೆ.' ಅಕ್ಷರ ಚೆಂದ ಬರೆಯಲು ಪುರುಸೊತ್ತಿಲ್ಲ.

೪ ಡಿಸೆಂಬರ, ರವಿವಾರ

ಇಂದು ಸತ್ತೆಪ್ಪನ ಮನೆಗೆ ಹೋದೆ. ಇಷ್ಟು ದಿನ ಅವರ ಓಣಿ ಬಿಟ್ಟು ಸುತ್ತಿಹಾಕಿ ಶಾಲೆಗೆ ಹೋಗುತ್ತಿದ್ದೆ.

ಫಕೀರವ್ವ ಗೋಡೆಗೆ ಒರಗಿ ಉಣ್ಣೆ ಹಿಂಜುತ್ತಿದ್ದಳು. ಎರಡೂ ಕಣ್ಣು ಹೋಗಿವೆ. ನಾನು ನಿಂತೇ ಹೇಳಿದೆ. ವೈದ್ಯ ಮೋಸಗಾರ, ಕಣ್ಣು ಹೋದದ್ದು ಸೂಜಿಯಿಂದ, ಪಥ್ಯದಿಂದ ಅಲ್ಲ. ಪಥ್ಯ ಬಿಟ್ಟಿರಬೇಕೆಂದು ನಾನು ಅಂದದ್ದು ನನ್ನ ತಪ್ಪು ಮುಚ್ಚಿಕೊಳ್ಳಲಿಕ್ಕೆ.

ಸತ್ತೆಪ್ಪ ಬಂದು ಹೆಂಡತಿಯ ಪಕ್ಕದಲ್ಲಿ ಕೂತ.

"ಮಾಸ್ತರ, ನಿಮ್ಮ ಮಾತ ಕೇಳಿ ಬಂದ ನಾ ಇಕಿನ್ನ ಹೊಡದೇನ್ರಿ. ಏನ ತಿಂದಿ ಹೇಳಂತ ಹೊಡದೇನಿ. ಏನೂ ತಿಂದಿಲ್ಲ ಅಂತ ಅತ್ತಳ್ರಿ. ಸುಳ್ಳ ಹೇಳತೀ ಅಂತ ಮತ್ತ ಹೊಡದ್ನಿ."

ಫಕೀರವ್ವನ ಕೈ ಉಣ್ಣೆಯಲ್ಲೇ ನಿಂತಿತು. "ಹೊಡದದ್ದು ಹೋಗಲಿ ಬಿಡು" ಎಂದಳು ಗಂಡನಿಗೆ. ಆಮೇಲೆ ನನಗೆ ಅಂದಳು: "ನನ್ನ ಬಲಗಣ್ಣ ಕಾಣತಿತ್ತರಿ ಮಾಸ್ತರ. ನಾ ನಿಮ್ಮನ್ನ ಕೇಳಿದ್ನಿ."

ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಕೇಳದೇ ಹಿಂತಿರುಗಿದೆ.

೧೬ ಡಿಸೆಂಬರ, ಶುಕ್ರವಾರ

ಮೇಲಿನಿಂದ ಹುಕುಮು ಬಂತು. ಹೆಡ್ ಮಾಸ್ತರಿಕೆ ಹೋಯಿತು. ಇನ್ನು ಎರಡನೆಯ ಇಯತ್ತೆಯ ಮಕ್ಕಳಿಗೆ ಕಲಿಸಬೇಕು. ಬೆಳಿಗ್ಗೆ ಫಕೀರವ್ವನ ಮನೆಗೆ ನೀರು ತರುವವರಿಲ್ಲವೆಂದು ಗೌರವ್ವ ಎರಡು ಕೊಡ ಹಾಕಿಬಂದಳು. ನಾಳೆಯಿಂದ ನಾನು ಹಾಕುತ್ತೇನೆ.

೯ ಜನವರಿ ೧೯೩೯, ಸೋಮವಾರ

ಅಥಣಿಯ ಕಡೆಯ ಹಳ್ಳಿಯೊಂದರ ಮಾಸ್ತರರು ಬರೆದಿದ್ದಾರೆ. ನನ್ನ ಕಾರ್ಡು ಮುಟ್ಟಿದ್ದು ಬುಧವಾರ. ಅವನು ಬಂದುಹೋದದ್ದು ಸೋಮವಾರ.

೨೯ ಜನವರಿ, ರವಿವಾರ

ಅಕ್ಕನ ಕೀವು ಪೂರಾ ಆರಿದೆ. ಮಿರಜಿಗೆ ಹೊರಡೋಣ ಎಂದೆ.

"ಫಕೀರವ್ವ ಬಂದರ ಬರ್ತೇನಿ" ಎಂದಳು ಅಕ್ಕ.

"ಆಕಿ ಕಣ್ಣಿಗೆ ಮಾಡಾಕ ಏನೂ ಉಳದಿಲ್ಲ ಅಂದಾರ ಅಕ್ಕಾ."

"ಅದನ್ನ ದೊಡ್ಡ ಡಾಕ್ಟರs ಹೇಳಲಿ. ಮಂದಿ ಮಾತ ಕೇಳಿ ಕಣ್ಣ ಕಳಕೊಂಡಾಳ, ಮಂದಿ ಮಾತ ಕೇಳಿ ಆಶಾನೂ ಯಾಕ ಕಳಕೋಬೇಕು? ನೀ ಹೋಗಿ ಕರಿ."

ನಾನು ಕರೆದರೆ ಬರುವುದಿಲ್ಲ ಎಂದುಕೊಂಡೇ ಹೋದೆ. ಸತ್ತೆಪ್ಪ ಬೇಡವೆಂದ. ಫಕೀರವ್ವ, "ಶಿವವ್ವಾರ ಕರದಾರಲ್ಲ, ಬರ್ತೇನಿ" ಎಂದಳು.

೧೮ ಫೆಬ್ರವರಿ, ಶನಿವಾರ. ಮಿರಜ

ಅಕ್ಕನ ಎಡಗಣ್ಣು ತೆರೆಯಿತು. ದಪ್ಪ ಗಾಜಿನ ಚಾಳೀಸು ಕೊಟ್ಟಿದ್ದಾರೆ. ಹಾಕಿಕೊಂಡು ಮೊದಲು ಗೌರವ್ವನನ್ನು ಹುಡುಕಿ ಅವಳ ಕೆನ್ನೆ ಮುಟ್ಟಿದಳು. ನನ್ನ ಕಡೆ ಆಮೇಲೆ ನೋಡಿದಳು.

ಫಕೀರವ್ವನ ಕಣ್ಣನ್ನು ಇಬ್ಬರು ಡಾಕ್ಟರರು ನೋಡಿದರು. ಏನೂ ಇಲ್ಲ ಎಂದರು. ಆಕೆ, "ಇಷ್ಟ ಚಂದ ನೋಡಿ ಖರೆ ಹೇಳಿದ್ರಲ್ಲ, ಅಷ್ಟs ಸಾಕ್ರಿ" ಎಂದಳು.

೨೦ ಫೆಬ್ರವರಿ, ಸೋಮವಾರ. ರೈಲಿನಲ್ಲಿ

ಹಿಂದಿರುಗುತ್ತಿದ್ದೇವೆ. ಅಕ್ಕ ಹಳ್ಳ, ಗಿಡ, ಸ್ಟೇಶನ್ನು ಎಲ್ಲ ನೋಡಿ ನೋಡಿ ದಣಿದು ಗೌರವ್ವನ ಹೆಗಲ ಮೇಲೆ ತೂಕಡಿಸುತ್ತಿದ್ದಾಳೆ. ಅವಳು ಎಚ್ಚರ ಇದ್ದಷ್ಟು ಹೊತ್ತು, ಫಕೀರವ್ವ ಪಕ್ಕದಲ್ಲಿದ್ದಾಳೆಂದು, ಏನು ಕಂಡರೂ ಒಂದು ಮಾತೂ ಆಡಲಿಲ್ಲ.

ಕುಡಚಿಯ ಸೇತುವೆ ದಾಟಿದ ಮೇಲೆ ಫಕೀರವ್ವ ಮುಖಕ್ಕೆ ಗಾಳಿ ಬೀಸಿದ ಕಡೆ ತಿರುಗಿದಳು.

"ಮಾಸ್ತರ, ಕಿಡಕಿ ಬಾಜೂ ಯಾರ ಕುಂತೀರಿ?"

"ನಾನs."

"ಹೊರಗ ಏನ ಕಾಣತೈತಿ?"

"ಹೊಲ ಕಾಣತಾವ. ಭಾಳ ಚಂದ ಐತಿ."

"ಕುರಿ ಅದಾವೇನು? ವಾಸನಿ ಬಂತು."

ತಿರುಗಿ ನೋಡಿದೆ. ಇದ್ದವು. "ಅದಾವ."

"ಎಷ್ಟ?"

"ಭಾಳ ಅದಾವ."

"ಭಾಳ ಅಂದ್ರ? ಕರೇವೋ ಕಂದೋ? ಮರಿ ಹಾಕ್ಯಾವೇನು? ಸಂಗಾಟ ನಾಯಿ ಐತೇನು?"

ಅಷ್ಟರಲ್ಲಿ ಗಾಡಿ ಮುಂದೆ ಬಂದುಬಿಟ್ಟಿತ್ತು. "ನಾ ಸರಿಯಾಗಿ ನೋಡಲಿಲ್ಲ ಫಕೀರವ್ವಾ" ಎಂದೆ.

"ಇರಲಿ. ಮುಂದ ರಾಯಬಾಗ ಬಾಜೂ ಮತ್ತ ಬರ್ತಾವ. ಆವಾಗ ನೋಡಿ ಹೇಳ್ರಿ."

ಬರೆಯುತ್ತಿದ್ದ ವಹಿ ಮುಚ್ಚಿಟ್ಟು ಕಿಟಕಿಗೆ ಮುಖ ಹಚ್ಚಿ ಕೂತೆ. ರಾಯಬಾಗ ದಾಟಿದ ಮೇಲೆ ಬಂದವು. ಎಣಿಸಿದೆ. ಮೂವತ್ನಾಲ್ಕು, ಇಲ್ಲವೇ ಮೂವತ್ತೈದು. ಕೊನೆಯದು ಜಾಲಿಗಿಡದ ಮರೆಯಲ್ಲಿತ್ತು, ಸರಿಯಾಗಿ ಕಾಣಲಿಲ್ಲವೆಂದು ಹೇಳಿದೆ. ಕರಿಯವೇ ಹೆಚ್ಚು. ಆರು ಮರಿ. ಒಂದು ಮರಿಯನ್ನು ಹೆಣ್ಣುಮಗಳೊಬ್ಬಳು ಎತ್ತಿಕೊಂಡಿದ್ದಳು. ನಾಯಿ ಕಾಣಲಿಲ್ಲ.

ಫಕೀರವ್ವ ಮೊಣಕಾಲ ಮೇಲೆ ಗದ್ದ ಊರಿ ಕೇಳಿದಳು.

"ಹೂಂ," ಎಂದಳು. "ಮುಂದ?"